'ಕರೆಂಟ್ ಕೊಡುವುದು' ಎಂದರೇನು? ಯೋನಿ ಕ್ಯಾನ್ಸರ್ ಕುರಿತ ಕನ್ನಡ ಬರಹಗಳ ಒಂದು ವಿಮರ್ಶೆ

ಕನ್ನಡದಲ್ಲಿ ಆರೋಗ್ಯ ಬರಹಗಳಿಗೆ ಈಗ ಕೊರತೆಯಿಲ್ಲ. ದಿನಪತ್ರಿಕೆಗಳ ಪುರವಣಿಗಳು, ಆಸ್ಪತ್ರೆಗಳು ಹಂಚುವ ಕರಪತ್ರಗಳು, ಕಾಲೇಜುಗಳಲ್ಲಿ ಅಂಟಿಸುವ ಭಿತ್ತಿಪತ್ರಗಳು ಎಲ್ಲವೂ ಕ್ಯಾನ್ಸರ್ ಕುರಿತು ಏನನ್ನಾದರೂ ಹೇಳುತ್ತವೆ. ಸ್ತನ ಮತ್ತು ಬಾಯಿಯ ಕ್ಯಾನ್ಸರ್ ಬಗ್ಗೆ ವೈದ್ಯರು ಬರೆದಿರುವ ಕೆಲವು ಲೇಖನಗಳು ಯಾವ ಭಾಷೆಗಾದರೂ ಗೌರವ ತರುವಂಥವು. ಆದರೆ ಸ್ತ್ರೀಯರ ಜನನಾಂಗಗಳ ಕ್ಯಾನ್ಸರ್, ಅದರಲ್ಲೂ ಯೋನಿಯ ಕ್ಯಾನ್ಸರ್ ವಿಷಯಕ್ಕೆ ಬಂದಾಗ ನಮ್ಮ ಲೇಖನಿ ತಡವರಿಸುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಈ ವಿಷಯವಾಗಿ ಕೈಗೆ ಸಿಕ್ಕ ಬರಹಗಳನ್ನು ಕೂಡಿಟ್ಟುಕೊಂಡು ಓದಿದ್ದೇನೆ. ಅವುಗಳಲ್ಲಿ ತಪ್ಪು ಮಾಹಿತಿ ತುಂಬಿದೆ ಎಂಬುದಕ್ಕಿಂತ, ಓದುವ ಹೆಣ್ಣುಮಗಳಿಗೆ ಬೇಕಾದದ್ದು ಅಲ್ಲಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ. ಅಂಗದ ಹೆಸರು ಸ್ಪಷ್ಟವಿಲ್ಲ. ಕಾರಣಗಳ ಪಟ್ಟಿ ಎಲ್ಲಿಂದಲೋ ಎತ್ತಿ ತಂದದ್ದು. ಚಿಕಿತ್ಸೆಯಂತೂ 'ವಿಕಿರಣ ಚಿಕಿತ್ಸೆ ನೀಡಲಾಗುತ್ತದೆ' ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಈ ರೋಗದ ಚಿಕಿತ್ಸೆಯಲ್ಲಿ ಬಹುಪಾಲು ಭೌತವಿಜ್ಞಾನವೇ ಇರುವುದರಿಂದ, ಭೌತವಿಜ್ಞಾನದ ಅಧ್ಯಾಪಕನೊಬ್ಬ ಇಲ್ಲಿ ತಲೆಹಾಕಿರುವುದನ್ನು ವೈದ್ಯ ಮಿತ್ರರು ಮನ್ನಿಸಬೇಕು.

ಮೊದಲು ಹೆಸರಿನ ವಿಷಯ. 'ಗುಪ್ತಾಂಗ', 'ಖಾಸಗಿ ಭಾಗ', 'ಕೆಳಗಿನ ಭಾಗ' ಎಂಬ ಪದಗಳೇ ಈ ಬರಹಗಳಲ್ಲಿ ಹೆಚ್ಚು. ಕೆಲವೆಡೆ ಗರ್ಭಕೋಶ, ಗರ್ಭಕೊರಳು, ಯೋನಿ ಮೂರೂ 'ಗರ್ಭಚೀಲ' ಎಂಬ ಒಂದೇ ಪದದೊಳಗೆ ಸೇರಿಹೋಗಿವೆ. ಇದನ್ನು ಸಂಕೋಚವೆಂದು ಅರ್ಥಮಾಡಿಕೊಳ್ಳಬಹುದು. ಆದರೆ ಸಂಕೋಚಕ್ಕೆ ತೆರಬೇಕಾದ ಬೆಲೆಯೂ ಇದೆ. ಯೋನಿಯೆಂದರೆ ಗರ್ಭಕೊರಳಿನಿಂದ ದೇಹದ ಹೊರಗಿನವರೆಗೆ ಇರುವ, ಸುಮಾರು 7ರಿಂದ 10 ಸೆಂಟಿಮೀಟರ್ ಉದ್ದದ, ಸ್ನಾಯುವಿನ ನಾಳ. ಅದರ ಗೋಡೆಯ ದಪ್ಪ ಕೆಲವೇ ಮಿಲಿಮೀಟರ್. ಮುಂದುಗಡೆ ಮೂತ್ರಕೋಶ, ಹಿಂದುಗಡೆ ಗುದನಾಳ ಅದಕ್ಕೆ ಅಂಟಿಕೊಂಡಂತೆಯೇ ಇವೆ. ಶಸ್ತ್ರಕ್ರಿಯೆಯಲ್ಲಿ ಗರ್ಭಕೋಶವನ್ನೂ ಗರ್ಭಕೊರಳನ್ನೂ ತೆಗೆದ ಮೇಲೂ ಯೋನಿ ಉಳಿದಿರುತ್ತದೆ. ಮುಟ್ಟಿನ ತೊಂದರೆಗೆಂದು ಗರ್ಭಕೋಶ ತೆಗೆಸಿಕೊಂಡ ಹೆಂಗಸರು ನಮ್ಮ ಹಳ್ಳಿ ಪಟ್ಟಣಗಳಲ್ಲಿ ಕಡಿಮೆಯೇನಿಲ್ಲ. 'ಚೀಲವನ್ನೇ ತೆಗೆಸಿದ ಮೇಲೆ ಇನ್ನೇನು ಬಂದೀತು' ಎಂಬ ಧೈರ್ಯ ಅವರದು. ಯೋನಿ ಕ್ಯಾನ್ಸರ್ ಆದವರಲ್ಲಿ ಹೀಗೆ ಮೊದಲೇ ಗರ್ಭಕೋಶ ತೆಗೆಸಿಕೊಂಡವರು ಸಾಕಷ್ಟು ಮಂದಿ ಇರುತ್ತಾರೆ. ಮುಟ್ಟು ನಿಂತ ಎಷ್ಟೋ ವರ್ಷಗಳ ಮೇಲೆ ರಕ್ತ ಕಾಣಿಸುವುದು, ಗಂಡನೊಡನೆ ಕೂಡಿದ ನಂತರ ರಕ್ತ ಬರುವುದು, ನೀರಿನಂಥ ಅಥವಾ ವಾಸನೆಯುಳ್ಳ ಸ್ರಾವ, ಒಳಗೆ ಗಂಟು ಕೈಗೆ ತಗಲುವುದು, ಇವು ಗರ್ಭಕೋಶ ಇಲ್ಲದವರಿಗೂ ಪರೀಕ್ಷೆಗೆ ಹೋಗಲು ಸಾಕಾದ ಕಾರಣಗಳು. ಮೂರು ಅಂಗಗಳನ್ನು ಒಂದೇ ಹೆಸರಿನಿಂದ ಕರೆಯುವ ಕರಪತ್ರ ಈ ಒಂದು ಸಂಗತಿಯನ್ನು ಹೇಳಲಾರದು. ಅದರ ಬಳಿ ಅದಕ್ಕೆ ಬೇಕಾದ ಪದವೇ ಇಲ್ಲ.

ಗರ್ಭಕೊರಳಿನ ಕ್ಯಾನ್ಸರ್‌ಗೆ ಹೋಲಿಸಿದರೆ ಇದು ಬಹಳ ವಿರಳ ರೋಗ. 2020ರ ಜಾಗತಿಕ ಅಂದಾಜಿನಂತೆ ಆ ವರ್ಷ ಗರ್ಭಕೊರಳಿನ ಕ್ಯಾನ್ಸರ್ ಹೊಸದಾಗಿ ಕಂಡದ್ದು ಸುಮಾರು 6 ಲಕ್ಷ ಮಂದಿಯಲ್ಲಿ, ಯೋನಿಯ ಕ್ಯಾನ್ಸರ್ ಕಂಡದ್ದು ಸುಮಾರು 18 ಸಾವಿರ ಮಂದಿಯಲ್ಲಿ. ಈ ವಿರಳತೆಯಲ್ಲಿ ಸ್ವಲ್ಪ ಪಾಲು ವರ್ಗೀಕರಣದ ನಿಯಮದಿಂದಲೂ ಬಂದಿದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಗಂತಿ ಯೋನಿಯ ಮೇಲ್ಭಾಗದಲ್ಲಿದ್ದು ಗರ್ಭಕೊರಳನ್ನು ಮುಟ್ಟಿದ್ದರೆ ಅದನ್ನು ಗರ್ಭಕೊರಳಿನ ಲೆಕ್ಕಕ್ಕೆ ಹಾಕುತ್ತಾರೆ. ಹೊರಗಿನ ತುಟಿಗಳನ್ನು ಮುಟ್ಟಿದ್ದರೆ ಅದು ಭಗದ ಕ್ಯಾನ್ಸರ್ ಎನಿಸಿಕೊಳ್ಳುತ್ತದೆ. ಎರಡನ್ನೂ ಮುಟ್ಟದೆ ನಡುವೆ ಹುಟ್ಟಿದ್ದಷ್ಟೇ ಯೋನಿಯದು. ಅಲ್ಲಿ ಕಾಣುವ ಗಂತಿಗಳಲ್ಲಿಯೂ ಹೆಚ್ಚಿನವು ಬೇರೆ ಅಂಗದಿಂದ ಹರಡಿ ಬಂದವು. ಎಣಿಕೆಯೆಂಬುದು ನಾವು ಎಳೆದ ಗೆರೆಗಳನ್ನು ಅವಲಂಬಿಸಿದೆ ಎಂಬುದಕ್ಕೆ ತರಗತಿಯಲ್ಲಿ ಕೊಡಬಹುದಾದ ಒಳ್ಳೆಯ ಉದಾಹರಣೆ ಇದು.

ಇನ್ನು ಕಾರಣಗಳು. ಬಹುತೇಕ ಬರಹಗಳಲ್ಲಿ ಒಂದು ಪಟ್ಟಿ ಇರುತ್ತದೆ: ವಯಸ್ಸು, ಧೂಮಪಾನ, ವೈರಸ್ ಸೋಂಕು, 'ಶುಚಿತ್ವದ ಕೊರತೆ', 'ತಾಯಿ ಗರ್ಭಿಣಿಯಾಗಿದ್ದಾಗ ಡಿಇಎಸ್ ಸೇವಿಸಿದ್ದರೆ'. ಎಲ್ಲಕ್ಕೂ ಒಂದೇ ತೂಕ, ಒಂದೊಂದು ಸಾಲು. ನಿಜ ಸಂಗತಿಯೇನೆಂದರೆ ಈ ಕ್ಯಾನ್ಸರಿನ ಸುಮಾರು ಮುಕ್ಕಾಲು ಪಾಲಿಗೆ ಮಾನವ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ) ಕಾರಣ. ಗರ್ಭಕೊರಳಿನ ಕ್ಯಾನ್ಸರಿಗೂ ಇದೇ ವೈರಸ್ ಕಾರಣವೆಂದು ತೋರಿಸಿದ್ದಕ್ಕಾಗಿ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಲೈಂಗಿಕ ಜೀವನ ಆರಂಭಿಸಿದವರಲ್ಲಿ ಬಹುಮಂದಿಗೆ ಈ ಸೋಂಕು ಎಂದಾದರೊಮ್ಮೆ ತಗಲುತ್ತದೆ. ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ದೇಹವೇ ಅದನ್ನು ತೊಲಗಿಸುತ್ತದೆ. ಕೆಲವರಲ್ಲಿ ಮಾತ್ರ ಅದು ನೆಲೆನಿಂತು, ಹತ್ತಾರು ವರ್ಷಗಳ ಮೇಲೆ ಜೀವಕೋಶಗಳನ್ನು ಕೆಡಿಸುತ್ತದೆ. ಒಬ್ಬನೇ ಗಂಡನೊಡನೆ ಬಾಳಿದವಳಿಗೂ ಇದು ಬರಬಹುದು. ಹೀಗಿರುವಾಗ 'ಶುಚಿತ್ವದ ಕೊರತೆ' ಎಂದು ಬರೆಯುವುದು ಅರ್ಧ ವಿಜ್ಞಾನ, ಅರ್ಧ ನಿಂದೆ. ಅದನ್ನು ಓದಿದ ಹೆಂಗಸು ಪರೀಕ್ಷೆಗೆ ಹೋಗಲು ಇನ್ನಷ್ಟು ಹಿಂಜರಿಯುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವಯಸ್ಸಿನ ಸ್ತ್ರೀಯರ ಪೈಕಿ ಗರ್ಭಕೊರಳಿನ ಕ್ಯಾನ್ಸರಿಗಾಗಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಹಿಂಜರಿಕೆಯನ್ನು ಹೆಚ್ಚಿಸುವ ಬರಹ ನಮಗೆ ಬೇಕಿಲ್ಲ. ಎಚ್‌ಪಿವಿ ಲಸಿಕೆ ಯೋನಿಯ ಕ್ಯಾನ್ಸರಿನಿಂದಲೂ ರಕ್ಷಣೆ ಕೊಡುತ್ತದೆಂದು ಅಮೆರಿಕದ ಔಷಧ ಆಡಳಿತ 2008ರಲ್ಲಿಯೇ ಒಪ್ಪಿತು. ಪುಣೆಯ ಸೀರಂ ಸಂಸ್ಥೆಯ ದೇಶೀಯ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಈ ಎರಡು ವಾಕ್ಯಗಳು ಪಟ್ಟಿಯ ಜಾಗದಲ್ಲಿ ಇದ್ದಿದ್ದರೆ ಎಷ್ಟೋ ಮೇಲು.

ಆದರೆ ಪಟ್ಟಿಯ ಕೊನೆಯ ಸಾಲು, ಅಂದರೆ ಡಿಇಎಸ್, ನನ್ನನ್ನು ಬೇರೊಂದು ಕಾರಣಕ್ಕೆ ಕಾಡುತ್ತದೆ. ಹೆಚ್ಚಿನ ಕನ್ನಡ ಓದುಗರು ಆ ಮಾತ್ರೆಯ ಹೆಸರನ್ನೇ ಕೇಳಿರಲಾರರು. ಅದು ಮುಖ್ಯವಾಗಿ ಅಮೆರಿಕದ ಕಥೆ, ಅದೂ ಒಂದು ನಿರ್ದಿಷ್ಟ ಕಾಲದ್ದು. ಸಂದರ್ಭವಿಲ್ಲದೆ ಒಂದು ಸಾಲಾಗಿ ನಕಲಾಗಿರುವ ಅದು ನಮ್ಮ ಓದುಗರಿಗೆ ಹೆದರಿಕೆಯನ್ನಷ್ಟೇ ಕೊಡುತ್ತದೆ. ಕಥೆಯಾಗಿ ಹೇಳಿದರೆ ವಿಜ್ಞಾನದ ವಿಧಾನದ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಡೈಎಥಿಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಈ ಕೃತಕ ಹಾರ್ಮೋನನ್ನು 1938ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರು ತಯಾರಿಸಿದರು. ಅಗ್ಗ, ಬಾಯಿಯ ಮೂಲಕ ನುಂಗಬಹುದಾದದ್ದು. 1940ರ ದಶಕದಲ್ಲಿ ಹಾರ್ವರ್ಡ್‌ನ ಒಲಿವ್ ಸ್ಮಿತ್ ಮತ್ತು ಜಾರ್ಜ್ ಸ್ಮಿತ್ ದಂಪತಿಗಳು ಗರ್ಭಪಾತ ತಡೆಯಲು ಇದು ಉಪಯುಕ್ತವೆಂದು ವಾದಿಸಿದರು. 1948ರಲ್ಲಿ ಅವರು ಪ್ರಕಟಿಸಿದ ಫಲಿತಾಂಶಗಳಲ್ಲಿ ಹೋಲಿಕೆಗೆ ಮಾತ್ರೆ ಪಡೆಯದ ಸಮಾನ ಗುಂಪು ಇರಲಿಲ್ಲ. 1953ರಲ್ಲಿ ಷಿಕಾಗೋದ ವಿಲಿಯಂ ಡೀಕ್‌ಮನ್ ಮತ್ತು ಸಂಗಡಿಗರು 1,600ಕ್ಕೂ ಹೆಚ್ಚು ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಡಿಇಎಸ್, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ಮಾತ್ರೆ ಕೊಟ್ಟು ನೋಡಿದರು. ಡಿಇಎಸ್‌ನಿಂದ ಪ್ರಯೋಜನವೇನೂ ಕಾಣಲಿಲ್ಲ. ಪಾಠ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ವೈದ್ಯರು ಬರೆದುಕೊಡುವುದನ್ನು ನಿಲ್ಲಿಸಲಿಲ್ಲ, ಇನ್ನೂ 18 ವರ್ಷ ಅದು ನಡೆಯಿತು.

1971ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ಆರ್ಥರ್ ಹರ್ಬ್ಸ್ಟ್, ಹೊವರ್ಡ್ ಅಲ್‌ಫೆಲ್ಡರ್ ಮತ್ತು ಡೇವಿಡ್ ಪಾಸ್ಕಾನ್ಜರ್ ಎಂಟು ಯುವತಿಯರ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಎಂಟೂ ಮಂದಿಗೆ ಯೋನಿಯಲ್ಲಿ ಗ್ರಂಥಿಕೋಶಗಳ ಬಗೆಯ ಕ್ಯಾನ್ಸರ್. ವಯಸ್ಸು 15ರಿಂದ 22. ಸಾಮಾನ್ಯವಾಗಿ ಅರವತ್ತು ದಾಟಿದವರಲ್ಲಿ, ಅದೂ ಚಪ್ಪಟೆ ಜೀವಕೋಶಗಳಿಂದ ಹುಟ್ಟುವ ರೋಗ ಇದು. ಹುಡುಗಿಯರಲ್ಲಿ ಹೀಗೆ ಗುಂಪಾಗಿ ಕಂಡದ್ದು ವಿಚಿತ್ರವಾಗಿತ್ತು. ಸಂಶೋಧಕರು ಪ್ರತಿ ಹುಡುಗಿಗೂ ನಾಲ್ವರಂತೆ, ಅದೇ ಆಸ್ಪತ್ರೆಯಲ್ಲಿ ಐದು ದಿನಗಳ ಅಂತರದೊಳಗೆ ಹುಟ್ಟಿದ 32 ಮಂದಿ ಆರೋಗ್ಯವಂತ ಹೆಣ್ಣುಮಕ್ಕಳನ್ನು ಆರಿಸಿ, ಎಲ್ಲರ ತಾಯಂದಿರನ್ನೂ ವಿಚಾರಿಸಿದರು. ಕ್ಯಾನ್ಸರ್ ಬಂದ ಎಂಟು ಮಂದಿಯಲ್ಲಿ ಏಳು ಮಂದಿಯ ತಾಯಂದಿರು ಬಸುರಿನಲ್ಲಿ ಡಿಇಎಸ್ ತೆಗೆದುಕೊಂಡಿದ್ದರು. ಉಳಿದ 32 ಮಂದಿಯಲ್ಲಿ ಒಬ್ಬರ ತಾಯಿಯೂ ತೆಗೆದುಕೊಂಡಿರಲಿಲ್ಲ.

ಎಂಟೇ ರೋಗಿಗಳಿಂದ ಏನು ತೀರ್ಮಾನಿಸಲು ಸಾಧ್ಯ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಪಿಯುಸಿ ಗಣಿತವೇ ಇದಕ್ಕೆ ಸಾಕು. ಮಾತ್ರೆಗೂ ರೋಗಕ್ಕೂ ಸಂಬಂಧವಿಲ್ಲವೆಂದು ಇಟ್ಟುಕೊಳ್ಳೋಣ. ಆಗ ಮಾತ್ರೆ ತೆಗೆದುಕೊಂಡ ಏಳು ತಾಯಂದಿರು ಒಟ್ಟು 40 ಮಂದಿಯಲ್ಲಿ ಯಾರಾದರೂ ಆಗಿರಬಹುದು. 40ರಲ್ಲಿ 7ನ್ನು ಆರಿಸುವ ಬಗೆಗಳು 1,86,43,560. ಆ ಏಳೂ ರೋಗಿಗಳ ಗುಂಪಿನ ಎಂಟರೊಳಗೇ ಬೀಳುವ ಬಗೆಗಳು ಕೇವಲ 8. ಅಂದರೆ ಇದು ಆಕಸ್ಮಿಕವಾಗಿ ಆಗಿರುವ ಸಂಭವ ಸುಮಾರು 23 ಲಕ್ಷಕ್ಕೆ ಒಂದು. ಇಲ್ಲಿ ಜಾಣ ವಿದ್ಯಾರ್ಥಿ ಇನ್ನೊಂದು ಪ್ರಶ್ನೆ ಕೇಳಬೇಕು: ಗರ್ಭ ನಿಲ್ಲದ ತೊಂದರೆ ಇದ್ದವರೇ ತಾನೇ ಮಾತ್ರೆ ತೆಗೆದುಕೊಂಡದ್ದು? ರೋಗಕ್ಕೆ ಕಾರಣ ಮಾತ್ರೆಯೋ, ಆ ತೊಂದರೆಯೋ? ಇದು ನ್ಯಾಯವಾದ ಪ್ರಶ್ನೆ. ಅದೇ ವರ್ಷ ನ್ಯೂಯಾರ್ಕ್ ರಾಜ್ಯದಿಂದ ಬಂದ ಮತ್ತೊಂದು ಅಧ್ಯಯನವೂ, ಮುಂದೆ ಬಂದ ಅನೇಕ ಅಧ್ಯಯನಗಳೂ ಡಿಇಎಸ್ ಕಡೆಗೇ ಬೆರಳು ತೋರಿದವು. 1971ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ಆಡಳಿತ ಗರ್ಭಿಣಿಯರಿಗೆ ಅದನ್ನು ಕೊಡಕೂಡದೆಂದು ಎಚ್ಚರಿಸಿತು. ಗರ್ಭದಲ್ಲಿದ್ದಾಗ ಡಿಇಎಸ್‌ಗೆ ಒಡ್ಡಿಕೊಂಡ ಹೆಣ್ಣುಮಕ್ಕಳಲ್ಲಿ ಈ ಕ್ಯಾನ್ಸರ್ ಬಂದದ್ದು ಸುಮಾರು ಸಾವಿರಕ್ಕೊಬ್ಬರಿಗೆ. ಈ ಕ್ಯಾನ್ಸರ್ ಅಷ್ಟು ವಿರಳವಾಗಿರದೆ ಹೋಗಿದ್ದರೆ ಆ ಎಂಟು ಮಂದಿ ಗುಂಪಿನಲ್ಲಿ ಮರೆಯಾಗಿ, ಮಾತ್ರೆಯ ಗುಟ್ಟು ಇನ್ನೆಷ್ಟು ವರ್ಷ ಉಳಿದಿರುತ್ತಿತ್ತೋ! 1953ರ ಪ್ರಯೋಗವನ್ನು ನಂಬಿದ್ದರೆ ಆ ಎಂಟು ಮಂದಿಯೂ ಬೇಕಾಗಿರಲಿಲ್ಲ. ಇದನ್ನೆಲ್ಲ ಬಿಟ್ಟು 'ಡಿಇಎಸ್ ಸೇವನೆ' ಎಂದು ಎರಡು ಪದ ಬರೆಯುವುದು ಕಬ್ಬನ್ನು ಎಸೆದು ಸೋಗೆಯನ್ನು ಮನೆಗೆ ತಂದಂತೆ.

ಈಗ ಚಿಕಿತ್ಸೆಗೆ ಬರೋಣ. ವಿಕಿರಣ ಚಿಕಿತ್ಸೆಗೆ ನಮ್ಮ ಜನ ಇಟ್ಟಿರುವ ಹೆಸರು 'ಕರೆಂಟ್ ಕೊಡುವುದು'. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಪಡಸಾಲೆಯಲ್ಲಿ ಅರ್ಧ ಗಂಟೆ ಕುಳಿತರೂ ಸಾಕು, 'ನಿಮಗೆ ಎಷ್ಟು ಕರೆಂಟ್ ಆಯಿತು?' ಎಂಬ ಮಾತು ಕಿವಿಗೆ ಬೀಳುತ್ತದೆ. ಜನರ ಮಾತನ್ನು ನಗುವುದು ನನ್ನ ಉದ್ದೇಶವಲ್ಲ. ಬೇರೆ ಮಾತು ಕೊಡದಿದ್ದಾಗ ಅವರು ತಮ್ಮದೊಂದನ್ನು ಕಟ್ಟಿಕೊಂಡಿದ್ದಾರೆ. ಆದರೆ ಕರೆಂಟ್ ಎಂದೊಡನೆ ನೆನಪಾಗುವುದು ತಂತಿ, ಶಾಕ್, ಸುಟ್ಟ ಚರ್ಮ. ಈ ಭಯದಿಂದಲೇ ಚಿಕಿತ್ಸೆಗೆ ಒಪ್ಪದವರು, ನಡುವೆ ಬಿಟ್ಟು ಹೋಗುವವರು ಇದ್ದಾರೆ. ನಮ್ಮ ಲೇಖಕರು ಈ ಪದವನ್ನು ಎದುರಿಸಿ ಬಿಡಿಸಿ ಹೇಳುವ ಬದಲು 'ವಿಕಿರಣ ಚಿಕಿತ್ಸೆ' ಎಂಬ ಶಿಷ್ಟ ಪದವನ್ನಿಟ್ಟು ಮುಂದೆ ಸಾಗುತ್ತಾರೆ. ಓದುವವಳ ತಲೆಯಲ್ಲಿ ಕರೆಂಟ್ ಕರೆಂಟಾಗಿಯೇ ಉಳಿಯುತ್ತದೆ.

ಯಂತ್ರಕ್ಕೆ ವಿದ್ಯುತ್ ಬೇಕು, ನಿಜ. ಈಗಿನ ರೇಖೀಯ ವೇಗೋತ್ಕರ್ಷಕಗಳಲ್ಲಿ ಎಲೆಕ್ಟ್ರಾನುಗಳನ್ನು ಅತಿವೇಗಕ್ಕೆ ಒಯ್ದು ಟಂಗ್‌ಸ್ಟನ್ ಲೋಹಕ್ಕೆ ಬಡಿಸುತ್ತಾರೆ. ಅಲ್ಲಿಂದ ಹೊಮ್ಮುವ ಎಕ್ಸ್ ಕಿರಣಗಳು ಮಾತ್ರ ದೇಹವನ್ನು ಹೊಗುತ್ತವೆ. ಎಕ್ಸ್ ಕಿರಣ ಬೆಳಕಿನ ಜಾತಿಯದು. ದೇಹದಲ್ಲಿ ವಿದ್ಯುತ್ ಪ್ರವಾಹ ಹರಿಯುವುದಿಲ್ಲ, ಶಾಕ್ ಹೊಡೆಯುವುದಿಲ್ಲ, ಆ ಕ್ಷಣದಲ್ಲಿ ನೋವೂ ಇಲ್ಲ. ಹಳೆಯ ಕೋಬಾಲ್ಟ್ ಯಂತ್ರದಲ್ಲಿ ಇದು ಇನ್ನೂ ಸ್ಪಷ್ಟ. ಕೋಬಾಲ್ಟ್-60 ಊರಿಗೆಲ್ಲ ಕರೆಂಟ್ ಹೋದಾಗಲೂ ಸೀಸದ ಕೋಟೆಯೊಳಗೆ ಕುಳಿತು ಗ್ಯಾಮಾ ಕಿರಣಗಳನ್ನು ಸೂಸುತ್ತಲೇ ಇರುತ್ತದೆ.

ಸುಡುತ್ತದೆಯೇ? ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ ಗ್ರೇ. ಒಂದು ಕಿಲೋಗ್ರಾಂ ದ್ರವ್ಯ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಒಂದು ದಿನದ ಚಿಕಿತ್ಸೆಯಲ್ಲಿ ಕೊಡುವುದು ಸುಮಾರು 2 ಗ್ರೇ. ಒಂದು ಕಿಲೋಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಏರಿಸಲು ಸುಮಾರು 4,200 ಜೂಲ್ ಬೇಕು. ಹಾಗಾದರೆ 2 ಗ್ರೇಯಿಂದ ಏರುವ ತಾಪ ಒಂದು ಡಿಗ್ರಿಯ ಎರಡು ಸಾವಿರದಲ್ಲಿ ಒಂದು ಭಾಗ. ಒಂದು ಲೋಟ ಬಿಸಿ ಕಾಫಿ ಕುಡಿದರೆ ದೇಹಕ್ಕೆ ಸೇರುವ ಶಾಖದ ಮುಂದೆ ಇದು ಏನೇನೂ ಅಲ್ಲ. ಮತ್ತೆ ಗಂತಿ ಕರಗುವುದು ಹೇಗೆ? ಕಾಫಿಯ ಶಕ್ತಿ ಕೋಟ್ಯನುಕೋಟಿ ಅಣುಗಳಿಗೆ ಸಮನಾಗಿ ಹಂಚಿಹೋಗುತ್ತದೆ. ವಿಕಿರಣದ ಶಕ್ತಿಯಾದರೋ ಅಲ್ಲಲ್ಲಿ ಗುಂಡಿನಂತೆ ಬಂದು ಬಡಿದು, ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು, ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ. ಒಂದು ಗ್ರೇಗೆ ಪ್ರತಿ ಜೀವಕೋಶದಲ್ಲಿ ಸುಮಾರು ಸಾವಿರ ಕಡೆ ಒಂಟಿ ಎಳೆ, ಸುಮಾರು ನಲವತ್ತು ಕಡೆ ಎರಡೂ ಎಳೆಗಳು ತುಂಡಾಗುತ್ತವೆ. ಒಂಟಿ ಎಳೆಯ ತುಂಡನ್ನು ಜೀವಕೋಶ ಸುಲಭವಾಗಿ ಜೋಡಿಸಿಕೊಳ್ಳುತ್ತದೆ, ಎರಡೂ ಎಳೆ ತುಂಡಾದಾಗ ಕಷ್ಟ. ಆರೋಗ್ಯವಂತ ಅಂಗಾಂಶ ಮರುದಿನದೊಳಗೆ ಹೆಚ್ಚು ಮಟ್ಟಿಗೆ ಸುಧಾರಿಸಿಕೊಳ್ಳುತ್ತದೆ, ಗಂತಿ ಅಷ್ಟು ಸುಧಾರಿಸಿಕೊಳ್ಳಲಾರದು. ಐದು ವಾರಗಳ ಕಾಲ ದಿನಕ್ಕೆ ಸ್ವಲ್ಪ ಸ್ವಲ್ಪವೇ ಕೊಡುವುದರ ಗುಟ್ಟು ಈ ವ್ಯತ್ಯಾಸದಲ್ಲಿದೆ. ಕೆಲವು ವಾರಗಳಲ್ಲಿ ಚರ್ಮ ಕೆಂಪಾಗಿ ಉರಿಯುವುದುಂಟು. ಅದು ಚರ್ಮದ ಜೀವಕೋಶಗಳು ಸತ್ತದ್ದರ ಫಲವೇ ಹೊರತು ಬಿಸಿ ತಾಗಿದ್ದರಿಂದ ಆದದ್ದಲ್ಲ.

ಇಲ್ಲಿ ಒಂದು ಲೆಕ್ಕವನ್ನು ಪ್ರತಿ ಕರಪತ್ರದಲ್ಲೂ ಅಚ್ಚು ಹಾಕಿಸಬೇಕೆಂದು ನನಗೆ ಅನ್ನಿಸುತ್ತದೆ. ಒಂದು ಘನ ಸೆಂಟಿಮೀಟರ್ ಗಂತಿಯಲ್ಲಿ ಸುಮಾರು 100 ಕೋಟಿ ಜೀವಕೋಶಗಳು ಇವೆ ಎಂದುಕೊಳ್ಳೋಣ. ಒಂದು ದಿನದ ಚಿಕಿತ್ಸೆಗೆ ಅರ್ಧದಷ್ಟು ಸಾಯುತ್ತವೆ ಎಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಹದಿನೈದು ದಿನದ ಚಿಕಿತ್ಸೆ ಮುಗಿಯುವ ವೇಳೆಗೆ ಉಳಿಯುವುದು ಸುಮಾರು 30 ಸಾವಿರ. ಗಂತಿ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿದೆ, ರಕ್ತ ನಿಂತಿದೆ, 'ನನಗೆ ವಾಸಿಯಾಯಿತು' ಎಂದು ಆಕೆ ಊರಿಗೆ ಹೊರಟುಬಿಡಬಹುದು. ಮನೆಯಲ್ಲಿ ಕೆಲಸ, ಬಸ್ಸಿನ ಖರ್ಚು, ಎಲ್ಲವೂ ಅದನ್ನೇ ಹೇಳುತ್ತವೆ. ಆದರೆ ಉಳಿದ 30 ಸಾವಿರ ಮತ್ತೆ ಬೆಳೆಯತೊಡಗುತ್ತವೆ. 25 ದಿನ ಪೂರ್ತಿ ಮಾಡಿದರೂ ಸುಮಾರು 30 ಜೀವಕೋಶಗಳು ಉಳಿದಿರುತ್ತವೆ. ನಿಜವಾದ ಗಂತಿ ಇಷ್ಟು ಸರಳವಾಗಿ ನಡೆದುಕೊಳ್ಳುವುದಿಲ್ಲ, ಜೀವಕೋಶಗಳೆಲ್ಲ ಒಂದೇ ತೆರನಾಗಿ ಇರುವುದಿಲ್ಲ. ಆದರೂ ಚಿಕಿತ್ಸೆಯನ್ನು ಏಕೆ ನಡುವೆ ನಿಲ್ಲಿಸಬಾರದು, ಐದು ವಾರದ ನಂತರವೂ ಏಕೆ ಇನ್ನೊಂದು ಹಂತ ಬೇಕು ಎಂಬ ಎರಡೂ ಪ್ರಶ್ನೆಗಳಿಗೆ ಈ ಲೆಕ್ಕ ಉತ್ತರ ಕೊಡುತ್ತದೆ. 'ವೈದ್ಯರ ಸಲಹೆಯಂತೆ ಪೂರ್ಣಗೊಳಿಸಿ' ಎಂಬ ಸಾಲಿಗೆ ಆ ಬಲವಿಲ್ಲ.

ಆ ಇನ್ನೊಂದು ಹಂತವೇ ಒಳಗಿನಿಂದ ಕೊಡುವ ವಿಕಿರಣ, ಬ್ರಾಕಿಥೆರಪಿ. ಹೊರಗಿನಿಂದ 45ರಿಂದ 50 ಗ್ರೇ ಕೊಟ್ಟ ಮೇಲೆ ಗಂತಿಗೆ ಒಟ್ಟು 70ರಿಂದ 80 ಗ್ರೇಯಷ್ಟು ಮುಟ್ಟಿಸಬೇಕು. ಇಷ್ಟನ್ನೂ ಹೊರಗಿನಿಂದಲೇ ಕೊಡಹೊರಟರೆ ಮೂತ್ರಕೋಶ ಮತ್ತು ಗುದನಾಳ ತಾಳಲಾರವು. ಹಾಗಾಗಿ ವಿಕಿರಣದ ಆಕರವನ್ನೇ ಗಂತಿಯ ಮಗ್ಗುಲಿಗೆ ಒಯ್ಯುತ್ತಾರೆ. 1898ರಲ್ಲಿ ರೇಡಿಯಂ ಸಿಕ್ಕಿತು, 1903ರಲ್ಲಿಯೇ ನ್ಯೂಯಾರ್ಕಿನ ವೈದ್ಯೆ ಮಾರ್ಗರೆಟ್ ಕ್ಲೀವ್ಸ್ ಅದನ್ನು ಗರ್ಭಕೊರಳಿನ ಕ್ಯಾನ್ಸರಿಗೆ ಹೀಗೆ ಬಳಸಿದರು. ಈಗ ರೇಡಿಯಂ ಇಲ್ಲ. ಅದರ ಬದಲು ಕೆಲವೇ ಮಿಲಿಮೀಟರ್ ಉದ್ದದ ಇರಿಡಿಯಂ-192 ತುಣುಕನ್ನು ತಂತಿಯ ತುದಿಗೆ ಬೆಸೆದಿರುತ್ತಾರೆ. ಹೊಸದಿದ್ದಾಗ ಅದರಲ್ಲಿ ಸೆಕೆಂಡಿಗೆ ಸುಮಾರು 37 ಸಾವಿರ ಕೋಟಿ ಪರಮಾಣುಗಳು ಕ್ಷಯಿಸುತ್ತವೆ.

ಯೋನಿಯೊಳಗೆ ಪ್ಲಾಸ್ಟಿಕ್ಕಿನ ಒಂದು ನಯವಾದ ಉರುಳೆಯನ್ನು ಇರಿಸಿ, ಅದರ ನಡುವಿನ ಕೊಳವೆಯಲ್ಲಿ ಆಕರವನ್ನು ಓಡಾಡಿಸುತ್ತಾರೆ. ಪ್ರೌಢಶಾಲೆಯ ವಿಲೋಮ ವರ್ಗ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಉರುಳೆಯ ವ್ಯಾಸ 2 ಸೆಂಟಿಮೀಟರ್ ಎಂದುಕೊಳ್ಳಿ. ಅದರ ಮೇಲ್ಮೈ ಆಕರದಿಂದ 1 ಸೆಂಟಿಮೀಟರ್ ದೂರ. ಅಂಗಾಂಶದೊಳಗೆ 5 ಮಿಲಿಮೀಟರ್ ಆಳಕ್ಕೆ ಹೋದರೆ ದೂರ 1.5 ಸೆಂಟಿಮೀಟರ್. ಅಲ್ಲಿಗೆ ತಲಪುವುದು ಮೇಲ್ಮೈಯ ಪ್ರಮಾಣದ ಶೇ. 44. ವ್ಯಾಸ 3 ಸೆಂಟಿಮೀಟರ್ ಆದರೆ ಅದೇ ಆಳದಲ್ಲಿ ಶೇ. 56. ಅಂದರೆ ಉರುಳೆ ದಪ್ಪವಿದ್ದಷ್ಟೂ ಮೇಲ್ಮೈಯನ್ನು ಅತಿಯಾಗಿ ನೋಯಿಸದೆ ಆಳಕ್ಕೆ ಹೆಚ್ಚು ಮುಟ್ಟಿಸಬಹುದು. ಆದ್ದರಿಂದಲೇ ವೈದ್ಯರು ರೋಗಿಗೆ ಹಿಂಸೆಯಾಗದಂತೆ ಹಿಡಿಸುವ ಅತಿ ದಪ್ಪನೆಯ ಉರುಳೆಯನ್ನು ಆರಿಸುತ್ತಾರೆ. ಇದು ಬಿಂದು ಆಕರದ ಲೆಕ್ಕ. ಆಕರ ಉದ್ದಕ್ಕೂ ಚಲಿಸುವಾಗ ಇಳಿತ ಇಷ್ಟು ಕಡಿದಾಗಿರುವುದಿಲ್ಲ. ಆದರೆ 2 ಸೆಂಟಿಮೀಟರ್ ಆಳಕ್ಕೆ ಹೋದರೆ ಬಿಂದು ಲೆಕ್ಕದಲ್ಲಿ, ದಪ್ಪ ಉರುಳೆಗೂ ಶೇ. 18 ಮಾತ್ರ. ಗುದನಾಳವನ್ನು ಕಾಪಾಡುವುದು ಈ ಇಳಿತ. ಗಂತಿ ದಪ್ಪವಿದ್ದಾಗ ತೊಡಕಾಗುವುದೂ ಇದೇ. ಗಂತಿಯ ದಪ್ಪ 5 ಮಿಲಿಮೀಟರ್ ದಾಟಿದರೆ ಉರುಳೆ ಸಾಲದು, ಅರಿವಳಿಕೆ ಕೊಟ್ಟು ಗಂತಿಯೊಳಕ್ಕೇ ಟೊಳ್ಳು ಸೂಜಿಗಳನ್ನು ಇಳಿಸಿ ಅವುಗಳ ಮೂಲಕ ಆಕರವನ್ನು ಕಳಿಸಬೇಕು. ಅಷ್ಟು ದಪ್ಪವಾಗುವ ಮುನ್ನ ಆಸ್ಪತ್ರೆಗೆ ಬಂದರೆ ಏನು ಲಾಭವೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ಇರಿಡಿಯಂ-192ರ ಅರ್ಧಾಯು ಸುಮಾರು 74 ದಿನ. ಹೊಸ ಆಕರದಿಂದ 8 ನಿಮಿಷದಲ್ಲಿ ಮುಗಿಯುವ ಚಿಕಿತ್ಸೆಗೆ 74 ದಿನ ಹಳೆಯದಾದ ಆಕರದಿಂದ 16 ನಿಮಿಷ ಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ಆಕರವನ್ನು ಬದಲಿಸುತ್ತಾರೆ. ಒಂದೇ ವಾರ್ಡಿನ ಇಬ್ಬರು ಹೆಂಗಸರು, ಒಬ್ಬಳು ಆಕರ ಬದಲಿಸುವ ಮುಂಚೆ, ಇನ್ನೊಬ್ಬಳು ಬದಲಿಸಿದ ಮೇಲೆ ಚಿಕಿತ್ಸೆ ಪಡೆದು, ನಿಮಿಷಗಳನ್ನು ಹೋಲಿಸಿಕೊಂಡರೆ ಏನೆಂದುಕೊಳ್ಳಬಹುದು? 'ನನಗೆ ರೋಗ ಜಾಸ್ತಿಯಿದೆ, ಅದಕ್ಕೇ ಹೆಚ್ಚು ಹೊತ್ತು' ಎಂದೇ. ಇಬ್ಬರಿಗೂ ಸಿಕ್ಕಿರುವ ಗ್ರೇ ಒಂದೇ ಇರಬಹುದೆಂದು ಹೇಳಲು ಅರ್ಧ ನಿಮಿಷ ಸಾಕು. ನಮ್ಮ ಪಠ್ಯಪುಸ್ತಕಗಳು ಅರ್ಧಾಯು ಪಾಠದ ಕೊನೆಗೆ ರೇಡಿಯಂ ಮೇಲೆ ಅದದೇ ಲೆಕ್ಕ ಕೊಡುವ ಬದಲು ಇದನ್ನು ಕೊಡಬಾರದೇಕೆ? ಪ್ರತಿ ವಿಕಿರಣ ಚಿಕಿತ್ಸಾ ಕೇಂದ್ರದಲ್ಲೂ ಈ ಲೆಕ್ಕಗಳನ್ನು ಮಾಡಲು ವೈದ್ಯಕೀಯ ಭೌತವಿಜ್ಞಾನಿ ಇರಲೇಬೇಕೆಂಬ ನಿಯಮವಿದೆ. ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಆಮೇಲೆ ವಿಕಿರಣ ಭೌತವಿಜ್ಞಾನದಲ್ಲಿ ತರಬೇತಿ ಪಡೆದವರು ಅವರು. ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಇಂಥ ಡಿಪ್ಲೊಮಾವನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ. ಇಂಥದೊಂದು ವೃತ್ತಿ ಇದೆಯೆಂದು ನಾವು ಅಧ್ಯಾಪಕರು ತರಗತಿಯಲ್ಲಿ ಹೇಳುವುದೇ ಅಪರೂಪ. ಆಕ್ಷೇಪ ಪತ್ರಿಕೆಗಳವರ ಮೇಲೆ ಮಾತ್ರ ಹೊರಿಸುವಂತಿಲ್ಲ.

ಔಷಧ ಚಿಕಿತ್ಸೆಯ ಬಗ್ಗೆ ಒಂದು ಮಾತು. ವಿಕಿರಣದ ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೊಡುವುದು ಈಗ ರೂಢಿ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಹೀಗೆ ಜೋಡಿಸಿ ಕೊಡುವುದು ಮೇಲೆಂದು ಐದು ದೊಡ್ಡ ಪ್ರಯೋಗಗಳ ಆಧಾರದ ಮೇಲೆ 1999ರಲ್ಲಿ ಸ್ಥಾಪಿತವಾಯಿತು. ಯೋನಿಯ ಕ್ಯಾನ್ಸರ್ ವಿರಳವಾದದ್ದರಿಂದ ಅಂಥ ದೊಡ್ಡ ಪ್ರಯೋಗ ಅದರಲ್ಲಿ ನಡೆಯಲಿಲ್ಲ. ನೆರೆಯ ಅಂಗದ ಪುರಾವೆಯನ್ನು ಎರವಲು ತಂದು ಬಳಸುತ್ತಾರೆ. ವೈರಸ್ ಒಂದೇ, ಜೀವಕೋಶದ ಬಗೆಯೂ ಒಂದೇ ಆದ್ದರಿಂದ ಎರವಲು ಸಮಂಜಸವಾದದ್ದು. ಆದರೂ ಅದು ಎರವಲು ಎಂದು ಹೇಳುವ ಲೇಖನ ವಿಜ್ಞಾನದ ಲೇಖನ. ಚಿಕ್ಕದಾಗಿದ್ದು ಗೋಡೆಯೊಳಗೇ ಇರುವ ಕೆಲವು ಗಂತಿಗಳನ್ನು ಶಸ್ತ್ರಕ್ರಿಯೆಯಿಂದಲೇ ತೆಗೆಯಬಹುದು. ಗಂತಿ ಯೋನಿಯ ಯಾವ ಎತ್ತರದಲ್ಲಿದೆ ಎಂಬುದೂ ಮುಖ್ಯ. ಮೇಲ್ಭಾಗದ ದುಗ್ಧರಸ ಕಟಿಕುಹರದ ಗ್ರಂಥಿಗಳಿಗೆ ಹರಿದರೆ, ಕೆಳಗಿನ ಮೂರನೆಯ ಒಂದು ಭಾಗದ್ದು ತೊಡೆಸಂದಿನ ಗ್ರಂಥಿಗಳಿಗೆ ಹರಿಯುತ್ತದೆ. ವಿಕಿರಣದ ಕ್ಷೇತ್ರವನ್ನು ಅದಕ್ಕೆ ತಕ್ಕಂತೆ ಗುರುತಿಸಬೇಕು.

ಚಿಕಿತ್ಸೆ ಮುಗಿದ ಮೇಲಿನ ದಿನಗಳ ವಿಷಯದಲ್ಲಿ ನಮ್ಮ ಬರಹಗಳು ಸಂಪೂರ್ಣ ಮೌನ. ವಿಕಿರಣದಿಂದ ಯೋನಿಯ ಗೋಡೆ ಒಣಗಿ, ಬಿಗಿದು, ಕಿರಿದಾಗುತ್ತದೆ. ಇದನ್ನು ತಡೆಯಲು ವೈದ್ಯರು ನಯವಾದ ಹಿಗ್ಗಿಸುವ ಸಾಧನವನ್ನು ಕೊಟ್ಟು, ಅದನ್ನು ಕ್ರಮವಾಗಿ ಬಳಸಲು ಹೇಳಿಕೊಡುತ್ತಾರೆ. ಮುಂದಿನ ಪರೀಕ್ಷೆಗಳು ಸಾಧ್ಯವಾಗಲು ಇದು ಬೇಕು, ದಾಂಪತ್ಯ ಮುಂದುವರಿಯಲೂ ಬೇಕು. ಕೆಲವರಲ್ಲಿ ತಿಂಗಳುಗಳ ಮೇಲೆ ಗುದನಾಳದಿಂದ ರಕ್ತ ಕಾಣಿಸಬಹುದು, ಮೂತ್ರ ಉರಿಯಬಹುದು. ಮೊದಲೇ ಹೇಳಿದ್ದರೆ ಆಕೆ ಅದನ್ನು ರೋಗ ಮರಳಿತೆಂದು ತಿಳಿದು ಕಂಗೆಡದೆ ವೈದ್ಯರ ಬಳಿಗೆ ಹೋದಾಳು. 'ಗುಪ್ತಾಂಗ' ಎಂದು ಆರಂಭಿಸಿದ ಲೇಖನಕ್ಕೆ ಇಷ್ಟು ದೂರ ಬರುವ ದಾರಿಯೇ ಇರುವುದಿಲ್ಲ.

ಕೊನೆಯದಾಗಿ, ಮನೆಗೆ ಬಂದ ಹೆಂಗಸಿಗೆ ಬೇರೆ ತಟ್ಟೆ, ಬೇರೆ ಹಾಸಿಗೆ ಕೊಟ್ಟು, ಮೊಮ್ಮಕ್ಕಳನ್ನು ಹತ್ತಿರ ಬಿಡದ ಮನೆಗಳಿವೆ. 'ಕರೆಂಟ್ ಮೈಯಲ್ಲಿ ಇರುತ್ತದೆ' ಎಂಬ ಭಯ. ಹೊರಗಿನಿಂದ ಕೊಟ್ಟ ಎಕ್ಸ್ ಕಿರಣ ಯಂತ್ರ ನಿಲ್ಲಿಸಿದೊಡನೆ, ದೀಪ ಆರಿಸಿದಾಗ ಬೆಳಕು ಹೋಗುವಂತೆ, ಹೋಗಿಬಿಡುತ್ತದೆ. ಒಳಗಿರಿಸಿದ ಇರಿಡಿಯಂ ತುಣುಕು ನಿಮಿಷಗಳಲ್ಲಿ ತನ್ನ ಪೆಟ್ಟಿಗೆಗೆ ಹಿಂದಿರುಗುತ್ತದೆ. ರೋಗಿಯ ಮೈಯಲ್ಲಿ ಯಾವ ವಿಕಿರಣವೂ ಉಳಿದಿರುವುದಿಲ್ಲ. ಹಿಂದೆ ರೇಡಿಯಂ ಅಥವಾ ಸೀಸಿಯಂ ಆಕರಗಳನ್ನು ಒಂದೆರಡು ದಿನ ಒಳಗೇ ಇರಿಸುತ್ತಿದ್ದಾಗ ಆ ಅವಧಿಯಲ್ಲಿ ಮಾತ್ರ ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿ ಇಡುತ್ತಿದ್ದರು. ಆಕರ ತೆಗೆದ ಮೇಲೆ ಆಗಲೂ ಅಪಾಯವಿರಲಿಲ್ಲ. ಸಂಜೆ ಆಸ್ಪತ್ರೆಯಿಂದ ಬಂದವಳು ರಾತ್ರಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಹುದು.